ಎರಡು ಬೆರಳು ಎತ್ತರದ ಎತ್ತು

ಜಾಕಿನ ಎಣ್ಣೆಗೆ ಅದರದೇ ಒಂದು ವಾಸನೆ ಇದೆ. ಸೀಮೆಎಣ್ಣೆಯಷ್ಟು ಜೋರಿಲ್ಲ, ಹರಳೆಣ್ಣೆಯಷ್ಟು ಮಂದವಿಲ್ಲ. ಗಾಂಧಿನಗರದ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆಗೆದರೆ ಮೊದಲು ಆ ವಾಸನೆ ಹೊರಗೆ ಬರುತ್ತದೆ, ಆಮೇಲೆ ಜಾಕು. ಈ ಹೊತ್ತು ಬೆಳಿಗ್ಗೆ ಬಾಗಿಲು ತೆಗೆದೆ, ವಾಸನೆ ಬಂತು, ಕೂಡಲೇ ಮುಚ್ಚಿಬಿಟ್ಟೆ. ಅದಕ್ಕೊಂದು ಕಾರಣವಿದೆ, ಹೇಳುತ್ತೇನೆ. ನಿಮಗೇನೂ ಅವಸರವಿಲ್ಲ ತಾನೆ? ನನಗೆ ಅವಸರವಿದೆ, ಆದರೆ ತಡ ಮಾಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದಿದೆ.

ಇವತ್ತು ಭಾನುವಾರ. ಕುರುಗೋಡಿನಲ್ಲಿ ನಮ್ಮ ಸಂಬಂಧಿಕರ ಹುಡುಗಿಯ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂದವರಿಗೆಲ್ಲ ಹೊಟ್ಟೆ ಬಿರಿಯುವಂತೆ ಉಣ್ಣಿಸುವ ಕಾರ್ಯ. ನನ್ನ ತಾಯಿಯ ತಮ್ಮ ಬಸಣ್ಣ ಮಾವ ಇದಕ್ಕೆಂದೇ ನಿನ್ನೆ ಸಿರುಗುಪ್ಪದಿಂದ ಬಂದು ನಮ್ಮಲ್ಲಿ ಉಳಿದಿದ್ದಾರೆ. ಮಾವ, ನಾನು, ನಮ್ಮ ಮನೆಯವರು, ಮೂವರೂ ಕಾರಿನಲ್ಲಿ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಎಡಗಾಲಿ ನೆಲಕ್ಕೆ ಅಂಟಿಕೊಂಡು ಕೂತಿದೆ. ಒಳಗೊಂದು ಬಳ್ಳಾರಿ ಜಾಲಿಯ ಮುಳ್ಳು. ನಮ್ಮೂರಿನ ಹೆಸರನ್ನು ನಾಡಿನ ತುಂಬ ಹರಡಿದ್ದು ಈ ಮುಳ್ಳಿನ ಗಿಡವೇ, ಹಾಗೆಂದು ಊರಿನವರಿಗೆ ಏನೂ ರಿಯಾಯಿತಿ ಕೊಡುವುದಿಲ್ಲ.

ಪಂಕ್ಚರ್ ಅಂಗಡಿಯವನಿಗೆ ಫೋನ್ ಮಾಡುತ್ತೇನೆ ಎಂದು ಇವರು ಮೊಬೈಲ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಮಾವ ಬಸಿ ಕೆಳಗಿಟ್ಟು ಹೇಳಿದರು: "ಮಂದೀನ್ಯಾಕ ಕರಿತೀರಿ? ನಮ್ಮ ಎತ್ತು ಐತೆಲ್ಲ, ಹೊರಗ ತಗೀರಿ. ಅದು ದುಡಿಯೂದನ್ನ ನಾ ಇನ್ನೂ ಕಣ್ಣಾರೆ ನೋಡಿಲ್ಲ."

ಎತ್ತು ಎಂದರೆ ಜಾಕು. ಅದನ್ನು ಆರಿಸಿಕೊಟ್ಟವರು ಬಸಣ್ಣ ಮಾವ. ಅದು ದುಡಿಯುವುದನ್ನು ಅವರು ನೋಡಿಲ್ಲ ಎಂಬುದು ಖರೆ, ಯಾಕೆಂದರೆ ನೋಡದ ಹಾಗೆ ನಾನು ವರ್ಷಗಟ್ಟಲೆ ಕಾದುಕೊಂಡು ಬಂದಿದ್ದೇನೆ. ಅವರು ಬಂದಾಗಲೆಲ್ಲ ನಮ್ಮ ಕಾರಿಗೆ ಕಲ್ಲಿನಂಥ ಆರೋಗ್ಯ. ನೋಡಿದರೆ ಏನಾಗುತ್ತದೆ ಅಂತೀರಾ? ಆರಿಸಿದ್ದು ತಪ್ಪಾಯಿತು ಎಂದು ಅವರಿಗೆ ಗೊತ್ತಾಗುತ್ತದೆ. ಇಷ್ಟು ಸಣ್ಣ ಮಾತಿಗೆ ಇಷ್ಟು ಗಾಬರಿ ಯಾಕೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ, ನಿಮಗೆ ಬಸಣ್ಣ ಮಾವ ಗೊತ್ತಿಲ್ಲ.

ಅವರು ಮೂಲತಃ ಕುರುಗೋಡು ಕಡೆಯ ಬಾದನಹಟ್ಟಿಯವರು. ಕಸುಬು ಒಕ್ಕಲುತನ, ಖ್ಯಾತಿ ಎತ್ತು ಆರಿಸುವುದು. ದನದ ಸಂತೆಗೆ ಹೋಗುವವರು ಮೊದಲು ನಮ್ಮ ಮಾವನ ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು, ಅವರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರು. ಮಾವ ಎತ್ತಿನ ಹಲ್ಲು ನೋಡಿ, ಮೈಮೇಲಿನ ಸುಳಿ ನೋಡಿ, ಬಾಲ ಹಿಡಿದು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ "ಹ್ಞೂಂ" ಅಂದರೆ ವ್ಯಾಪಾರ. "ಹ್ಞೂಂ" ಎನ್ನದಿದ್ದರೆ ಆ ಎತ್ತಿಗೆ ಆವತ್ತು ಗಿರಾಕಿಯೇ ಇಲ್ಲ. ಇದಕ್ಕೆ ಅವರು ಯಾರಿಂದಲೂ ಏನೂ ಮುಟ್ಟಿದವರಲ್ಲ. ಎತ್ತು ಮನೆಗೆ ಬಂದ ದಿನ ಆ ಮನೆಯಲ್ಲಿ ಹೋಳಿಗೆ ಉಂಡು ಬರುತ್ತಿದ್ದರು, ಅಷ್ಟೇ. ಹಾಗೆ ಉಂಡ ಹೋಳಿಗೆಯೇ ಅವರ ಹೊಟ್ಟೆಯ ಆಕಾರಕ್ಕೆ ಕಾರಣ ಎಂದು ನಮ್ಮ ತಾಯಿ ಅನ್ನುತ್ತಿದ್ದಳು.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರಿಗೆ ಸುಳಿ ಎಲ್ಲಿಂದ ಬರಬೇಕು? ಮಾವನ ಮಗನೂ ಒಂದು ತಂದ, ಕೊನೆಯ ಜೋಡಿಯನ್ನು ಬೇರೆಯವರ ಮನೆಗೆ ಹೊಡೆದುಕೊಟ್ಟಿದ್ದಾಯಿತು. ಮಗ ಸಿರುಗುಪ್ಪದಲ್ಲಿ ಮನೆ ಮಾಡಿದ ಮೇಲೆ ಮಾವನೂ ಅಲ್ಲಿಗೆ ಹೋದರು. ಮನೆ ತುಂಬ ಮಂದಿ, ಊಟಕ್ಕೆ ಕೊರತೆಯಿಲ್ಲ, ಸೊಸೆ ಶಶಿಕಲಾ ಬಂಗಾರದಂಥವಳು. ಆದರೆ ಯಾರೂ ಏನೂ ಕೇಳಲಿಕ್ಕೆ ಬರುವುದಿಲ್ಲ. ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಕೇಳಿದ್ದಕ್ಕೆ ಹೌದು ಇಲ್ಲ ಎನ್ನುವುದು ಬಿಟ್ಟರೆ ಮಾತೇ ಆಡುತ್ತಿರಲಿಲ್ಲ. ಹಬ್ಬಕ್ಕೆ ಹೋದಾಗ ನಾನೇ ನೋಡಿದ್ದೆ. ಊರಿನ ಸುದ್ದಿಯೆಲ್ಲ ಹೇಳಿದೆ, ಎಲ್ಲದಕ್ಕೂ ತಲೆ ಆಡಿಸಿದರು, ನನಗೆ ಗೋಡೆಯ ಜೊತೆ ಮಾತಾಡಿದ ಹಾಗಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಕಣ್ಣೀರು ಹಾಕಿದೆ.

ಈಗ ನನ್ನ ಕಡೆಯ ಕತೆ. ನಾನು ಕಾಲೇಜಿನಲ್ಲಿ ಗಣಿತ ಹೇಳುವವಳು. ಮನೆಯಲ್ಲಿ ಕಾರಿನ ರಿಪೇರಿ ಮಾಡುವ ಚಟ ನನಗೆ ಹೇಗೆ ಅಂಟಿತೋ ತಿಳಿಯದು. ಕೆಲವರಿಗೆ ಉಪ್ಪಿನಕಾಯಿ ಹಾಕುವ ಚಟ ಇರುವುದಿಲ್ಲವೇ, ಹಾಗೆ. ಮೊಬೈಲಿನಲ್ಲಿ ಯಾರೋ ದೂರದ ದೇಶದ ಗಡ್ಡದವನು ಬ್ರೇಕ್ ಬಿಚ್ಚಿ ತೋರಿಸುತ್ತಾನೆ, ನಾನು ಹಳೆಯ ಚೂಡಿದಾರ ಹಾಕಿಕೊಂಡು ಅಂಗಳದಲ್ಲಿ ಹಾಗೇ ಬಿಚ್ಚುತ್ತೇನೆ. ಅವನಿಗೆ ಅರ್ಧ ತಾಸು ಹಿಡಿದದ್ದು ನನಗೆ ಒಂದು ಹಗಲು ಹಿಡಿಯುತ್ತದೆ. ಕೊನೆಗೆ ಒಂದೋ ಎರಡೋ ನಟ್ಟು ಉಳಿದಿರುತ್ತವೆ, ಅವನ್ನು ಡಬ್ಬಿಯಲ್ಲಿ ಹಾಕಿಡುತ್ತೇನೆ. ನಮ್ಮ ಮನೆಯವರದು ಹತ್ತಿ ಮತ್ತು ಮೆಣಸಿನಕಾಯಿ ಬೀಜದ ವ್ಯಾಪಾರ. ಯಂತ್ರ ಎಂದರೆ ಅವರಿಗೆ ಭಯ ಭಕ್ತಿ ಎರಡೂ ಉಂಟು. ನಾನು ಕಾರಿನ ಕೆಳಗೆ ಹೋದಾಗ ಬ್ಯಾಟರಿ ಹಿಡಿದು ನಿಲ್ಲುತ್ತಾರೆ, ಬೆಳಕು ಮಾತ್ರ ನಾನು ನೋಡುವ ಜಾಗ ಬಿಟ್ಟು ಬೇರೆ ಎಲ್ಲ ಕಡೆ ಬೀಳುತ್ತಿರುತ್ತದೆ.

ಜಾಕು ತರುವ ಪ್ರಸಂಗ ಬಂದದ್ದು ಮೋಕದ ಹತ್ತಿರ. ಹಿಂದಿನ ದಿನ ಮಳೆಯಾಗಿತ್ತು. ಇವರೂ ನಾನೂ ಗೆಳತಿಯ ಹೊಲಕ್ಕೆ ಹೋಗಿ ಬರುವಾಗ ಗಾಲಿ ಪಂಕ್ಚರ್ ಆಯಿತು. ಕಾರಿನ ಜೊತೆ ಬಂದಿದ್ದ ತಿರುಪಿನ ಜಾಕನ್ನು ರಸ್ತೆ ಬದಿಯ ಎರೆಮಣ್ಣಿನ ಮೇಲಿಟ್ಟು ತಿರುವತೊಡಗಿದೆ. ಎರೆ ನೆಲದ ಗುಣ ನಿಮಗೆ ಗೊತ್ತಿರಬೇಕು, ಒಣಗಿದರೆ ಕಬ್ಬಿಣ, ನೆನೆದರೆ ಬೆಣ್ಣೆ. ನಾನು ತಿರುವಿದಂತೆಲ್ಲ ಕಾರು ಮೇಲೆ ಬರುವ ಬದಲು ಜಾಕು ಕೆಳಗೆ ಹೋಗುತ್ತಿತ್ತು. ಲೆಕ್ಕದ ಪ್ರಕಾರ ಎರಡೂ ಒಂದೇ ಅಲ್ಲವೇ ಎಂದು ಯೋಚಿಸುತ್ತಿರುವಾಗಲೇ ಜಾಕು ಪಕ್ಕಕ್ಕೆ ವಾಲಿ ಕಾರು ದಡಕ್ಕನೆ ಕೂತಿತು. ಇವರ ಒಂದು ಚಪ್ಪಲಿ ಅದರ ಕೆಳಗೆ ಸಿಕ್ಕಿಬಿತ್ತು. ಕಾಲು ಸಿಗಲಿಲ್ಲ. ಅದೇ ಹೊತ್ತಿಗೆ ಸೊಳ್ಳೆ ಕಚ್ಚಿತೆಂದು ಕಾಲು ಎತ್ತಿ ತುರಿಸಿಕೊಳ್ಳುತ್ತಿದ್ದರಂತೆ. ಆ ಸೊಳ್ಳೆಗೆ ನಾನು ಇವತ್ತಿಗೂ ಋಣಿ.

ಒಂದು ಕಾಲು ಬರಿದಾಗಿಯೇ ಮನೆಗೆ ಬಂದ ಇವರು ಆ ತಿರುಪಿನ ಜಾಕನ್ನು ಗುಜರಿಯವನಿಗೆ ಕೊಟ್ಟು, ನನಗೊಂದು ಮಾತು ಹೇಳಿದರು. ಒಂದೋ ಗ್ಯಾರೇಜಿನಲ್ಲಿ ಇರುವಂಥ, ಗಾಲಿ ಇರುವ, ಎಣ್ಣೆಯ ಬಲದಲ್ಲಿ ಎತ್ತುವ ಜಾಕು ತರಬೇಕು, ಇಲ್ಲವೇ ಈ ರಿಪೇರಿಯ ಹುಚ್ಚು ಬಿಡಬೇಕು. ಬಿಡುವ ಪ್ರಶ್ನೆಯೇ ಇರಲಿಲ್ಲ. ಜಾಕು ಆರಿಸುವ ವಿದ್ಯೆಯನ್ನು ನಾನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಎಷ್ಟು ಭಾರ ತಾಳಬೇಕು, ಎಷ್ಟು ಎತ್ತರಕ್ಕೆ ಎತ್ತಬೇಕು, ಅದರ ಗಾಲಿ ನಮ್ಮ ಅಂಗಳದ ಕಡಪಾ ಕಲ್ಲಿನ ಮೇಲೆ ಸಲೀಸಾಗಿ ಉರುಳುತ್ತದೋ ಇಲ್ಲವೋ, ಇಳಿಸುವಾಗ ಮೆಲ್ಲಗೆ ಇಳಿಯುತ್ತದೋ ಇಲ್ಲವೋ. ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಎಷ್ಟು ತಗ್ಗಾಗಿ ಮಲಗುತ್ತದೆ ಎಂಬುದು. ನಮ್ಮದು ವಯಸ್ಸಾದ ಕಾರು, ಸ್ಪ್ರಿಂಗುಗಳು ಸೋತು ಸೊಂಟ ಬಿದ್ದಿದೆ, ಹೊಟ್ಟೆ ನೆಲಕ್ಕೆ ಹತ್ತಿರ. ತಗ್ಗು ಮೂತಿಯ ಜಾಕೇ ಬೇಕೆಂದು ನಿರ್ಧಾರ ಮಾಡಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಆ ವಾರ ಮಾವನ ಮೊಣಕಾಲು ಹೇಗಿದೆ ಎಂದು ವಿಚಾರಿಸಲು ಸಿರುಗುಪ್ಪಕ್ಕೆ ಫೋನ್ ಮಾಡಿದೆ. ಅವರು ಎಂದಿನಂತೆ ಹೌದು ಇಲ್ಲ ಎನ್ನುತ್ತಿದ್ದರು. ಮಾತು ಎಳೆಯಬೇಕಲ್ಲ, ನಾಳಿದ್ದು ಒಂದು ಜಾಕು ತರುವುದಿದೆ ಎಂದೆ. ಹಾಗಂದರೇನು ಎಂದರು. ನಾನು ಗಟ್ಟಿಯಾಗಿ, ತಿಳಿಗನ್ನಡದಲ್ಲಿ ಹೇಳಿದೆ: "ಎತ್ತೂದೊಂದು ತರಬೇಕಾಗೇತ್ರಿ ಮಾವ, ನಮ್ಮ ಗಾಡೀಗೆ."

ಕನ್ನಡದಲ್ಲಿ ಎತ್ತು ಎಂದರೆ ಪ್ರಾಣಿಯೂ ಹೌದು, ಮೇಲಕ್ಕೆತ್ತು ಎಂಬ ಅಪ್ಪಣೆಯೂ ಹೌದು. ಗಾಡಿ ಎಂದರೆ ನನಗೆ ಕಾರು, ಮಾವನಿಗೆ ಎತ್ತಿನ ಗಾಡಿ. ನಾನು "ಎತ್ತೂದೊಂದು" ಅಂದದ್ದು ಅವರಿಗೆ "ಎತ್ತೊಂದು" ಎಂದು ಕೇಳಿಸಿತು. ಅತ್ತ ಕಡೆ ದನಿ ಬದಲಾಯಿತು. ಒಂದೇ ಸಾಕೋ, ಜೋಡಿ ಬೇಕೋ ಎಂದು ಕೇಳಿದರು. ಇರುವುದು ಒಂದೇ ಗಾಡಿ, ಒಂದು ಸಾಕು ಎಂದೆ. ಹೊಸದೋ, ಪಳಗಿದ್ದೋ ಎಂದರು. ಹೊಸದು ಎಂದೆ. ತಾವು ಬರುವ ತನಕ ಯಾವುದಕ್ಕೂ ಕೈ ಹಾಕಬಾರದು ಎಂದು ಹೇಳಿ ಫೋನ್ ಇಟ್ಟರು. ಮಾವನಿಗೆ ಜಾಕಿನ ಮೇಲೆ ಇಷ್ಟು ಪ್ರೀತಿಯೇ ಎಂದು ನನಗೆ ಆಶ್ಚರ್ಯವಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಆವತ್ತು ಈದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು.

ಸಂಜೆ ಶಶಿಕಲಾ ಫೋನ್ ಮಾಡಿದಳು. "ಅಕ್ಕ, ಏನ್ ಹೇಳೀರಿ ನಮ್ಮ ಮಾವನೋರಿಗೆ? ಟ್ರಂಕ್ ತಗದು ಹಗ್ಗ ಹೊರಗ ಹಾಕ್ಯಾರ. ಎತ್ತು ಆರಸಾಕ ಬಳ್ಳಾರಿಗೆ ಹೊಂಟೀನಿ ಅಂತಾರ. ಹುಡುಗರನ್ನ ಕೂಡಿಸ್ಕೊಂಡು ಸುಳಿ ಬಗ್ಗೆ ಹೇಳಾಕ ಹತ್ಯಾರ್ರಿ. ಮಧ್ಯಾಹ್ನದಿಂದ ಬಾಯಿ ಮುಚ್ಚಿಲ್ಲ." ಹೇಳುತ್ತ ಹೇಳುತ್ತ ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಫೋನಿಟ್ಟು ಇವರಿಗೆ ಎಲ್ಲ ಹೇಳಿದೆ.

ಈಗಲೇ ಫೋನ್ ಮಾಡಿ ಖರೆ ಹೇಳಿಬಿಡು ಎಂದು ಇವರು ಅಂದರು. ಹೇಳುವುದೇ ಸರಿ ಎಂದು ನನಗೂ ಗೊತ್ತಿತ್ತು. ಆದರೆ ಬಾಗಿಲ ಪಕ್ಕದ ಆ ಕುರ್ಚಿ ಕಣ್ಣಮುಂದೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಮಾವ ಇಳಿದರು, ಇಸ್ತ್ರಿ ಮಾಡಿದ ಧೋತರ, ಹೊಸ ರುಮಾಲು, ಹಣೆತುಂಬ ವಿಭೂತಿ, ಕೈಚೀಲದಿಂದ ಹಗ್ಗದ ತುದಿಯೊಂದು ಹೊರಗೆ ಇಣುಕುತ್ತಿತ್ತು. ಹೇಳಲಾಗಲಿಲ್ಲ. ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕೂತಾಗ ಹೇಳೋಣ ಎಂದರೆ, ಅವರು ಒಂದೊಂದು ಮಿರ್ಚಿಗೆ ಒಂದೊಂದು ಎತ್ತಿನ ಕತೆ ಹೇಳುತ್ತಿದ್ದರು. ಅಲ್ಲೂ ಆಗಲಿಲ್ಲ. ಕೊನೆಗೆ ಜಾಕು ಮಾರುವ ಅಂಗಡಿಯ ಬಾಗಿಲಿಗೇ ಹೋಗಿ ನಿಂತೆವು. ಒಳಗೆ ಟಯರು, ಎಣ್ಣೆಯ ಡಬ್ಬಿ, ಬೇರಿಂಗು. ಮಾವ ಆ ಕಡೆ ಈ ಕಡೆ ನೋಡಿ, ಎತ್ತು ಹಿತ್ತಲಲ್ಲಿ ಕಟ್ಟಿದ್ದಾರೇನು ಎಂದು ಕೇಳಿದರು.

"ಮಾವ, ನಾ ಹೇಳಿದ್ದು ಎತ್ತು ಅಲ್ರಿ," ಎಂದೆ. "ಎತ್ತೂದು. ಕಾರು ಮ್ಯಾಲೆ ಎತ್ತೂದು."

ಮಾವ ಚೀಲದಿಂದ ಹೊರಗೆ ಬಂದಿದ್ದ ಹಗ್ಗದ ತುದಿಯನ್ನು ಬೆರಳಿನಿಂದ ಒಳಗೆ ತಳ್ಳಿದರು. ಅದು ಮತ್ತೆ ಹೊರಗೆ ಬಂತು, ಮತ್ತೆ ತಳ್ಳಿದರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಎನ್ನಿಸಿತು ನನಗೆ. ಆಮೇಲೆ ಅವರು ಕೇಳಿದರು: "ಗಾಡೀನ ಅದು ಎತ್ತತೈತೋ ಇಲ್ಲೋ?"

"ಎತ್ತತೈತ್ರಿ."

"ಹಂಗಾರ ಅದೂ ಎತ್ತ. ಬಾ, ತೋರ್ಸು."

ಹೀಗೆ ಹೇಳಿ ಚಪ್ಪಲಿ ಹೊರಗೆ ಬಿಟ್ಟು, ಸಂತೆಗೆ ಇಳಿದವರ ಹಾಗೆ ಒಳಗೆ ನಡೆದರು. ಅಂಗಡಿಯವರು ಮೂರು ಜಾಕುಗಳನ್ನು ಸಾಲಾಗಿ ಇಟ್ಟರು. ಒಂದು ಸಣ್ಣದು. ಇನ್ನೊಂದು ನಾನು ಮನಸ್ಸಿನಲ್ಲಿ ಮೊದಲೇ ಆರಿಸಿಟ್ಟಿದ್ದ, ಉದ್ದನೆಯ, ತಗ್ಗು ಮೂತಿಯದು. ಮೂರನೆಯದು ಜೀಪು ಟೆಂಪೋಗಳಿಗೆಂದು ಮಾಡಿದ ದೊಡ್ಡದು, ನೀಲಿ ಬಣ್ಣದ್ದು, ಭುಜ ಉಬ್ಬಿಸಿಕೊಂಡು ನಿಂತಿತ್ತು. ಮಾವ ಒಂದೊಂದರ ಸುತ್ತಲೂ ಬಂದರು. ಬೆನ್ನು ಸವರಿದರು, ಹಿಂದಕ್ಕೂ ಮುಂದಕ್ಕೂ ನಡೆಸಿದರು. ಸಣ್ಣದನ್ನು ಕಂಡು, ಇದಿನ್ನೂ ಹಾಲು ಕುಡಿಯುವ ಕರು ಎಂದರು. ತಗ್ಗಿನದರ ಮುಂದೆ ಬಹಳ ಹೊತ್ತು ನಿಂತರು, ನನಗೆ ಆಸೆ ಹುಟ್ಟಿತು. "ಇದು ನೆಲಕ್ಕ ಮೂತಿ ಹಚ್ಚೇತೆವ್ವ," ಅಂದರು. "ತನ್ನ ತಲಿ ಎತ್ತಲಾರದ್ದು ಮಂದಿ ಭಾರ ಏನ್ ಎತ್ತತೈತಿ?" ನೀಲಿಯದರ ಹತ್ತಿರ ಬಂದು ಅದರ ಹಿಡಿಕೆ ಹಿಡಿದು ನಾಲ್ಕು ಸಲ ಒತ್ತಿದರು. ಅದು ಮೆಲ್ಲನೆ ತಲೆ ಎತ್ತಿತು. ಮಾವ "ಹ್ಞೂಂ" ಅಂದರು.

ಆ "ಹ್ಞೂಂ" ಕೇಳಿ ಎಷ್ಟು ವರ್ಷವಾಗಿತ್ತೋ. ಅಂಗಡಿಯವರು ನಮ್ಮ ಕಾರನ್ನು ಹೊರಗೆ ನೋಡಿದ್ದರು. ಮಾವನ ಬೆನ್ನ ಹಿಂದೆ ನಿಂತು, ಬೇಡ ಎಂದು ನನಗೆ ತಲೆ ಅಲ್ಲಾಡಿಸಿದರು. ನೀಲಿ ಜಾಕಿನ ತಲೆ ತೋರಿಸಿ, ನಮ್ಮ ಕಾರು ತೋರಿಸಿ, ಎರಡು ಬೆರಳು ಎತ್ತಿದರು. ಎರಡು ಬೆರಳಿನಷ್ಟು ಎತ್ತರವಾಯಿತು, ಕೆಳಗೆ ಹೋಗುವುದಿಲ್ಲ ಎಂದು ಅದರ ಅರ್ಥ. ನನಗೆ ತಿಳಿಯಿತು. ಅಷ್ಟರಲ್ಲಿ ಮಾವ ಹಿಂದಿರುಗಿ ನೋಡಿದರು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೈಯ ಮೇಲೆ ಟುವಾಲು ಹಾಕಿ, ಅದರ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಸುತ್ತಲಿನವರಿಗೆ ತಿಳಿಯಬಾರದಲ್ಲ. ಹಾಗೆ ಎಲ್ಲರಿಗೂ ಕಾಣುವಂತೆ ಬೆರಳು ಎತ್ತಿದ ಅಂಗಡಿಯವರ ಅಜ್ಞಾನಕ್ಕೆ ಮಾವ ಮರುಗಿದರು. ಹೆಗಲ ಮೇಲಿನ ಟುವಾಲು ತೆಗೆದು ಅವರ ಕೈಮೇಲೆ ಹಾಕಿ, ಮರೆಯಲ್ಲಿ ಆ ಎರಡು ಬೆರಳನ್ನು ಹಿಡಿದು ಒಂದು ಕ್ಷಣ ಯೋಚಿಸಿ, ಒಪ್ಪಿಗೆ ಎಂದು ಕೈಮೇಲೆ ಕೈ ಬಡಿದರು. ಕೈ ಬಿತ್ತು ಎಂದರೆ ಮಾತು ಬಿತ್ತು, ಇನ್ನು ಹಿಂದೆ ಸರಿಯುವ ಹಾಗಿಲ್ಲ. ಅಂಗಡಿಯವರು ಟುವಾಲಿನೊಳಗಿನ ತಮ್ಮ ಕೈಯನ್ನೂ ನನ್ನ ಮುಖವನ್ನೂ ನೋಡಿದರು. ನಾನು ಏನು ಹೇಳಬೇಕಿತ್ತು? ನೀವಾದರೆ ಏನು ಹೇಳುತ್ತಿದ್ದಿರಿ? ನೀಲಿಯದನ್ನೇ ಕಟ್ಟಿಕೊಡಿ ಎಂದೆ.

ಮನೆಯಲ್ಲಿ ಮಾವ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಚೀಲದ ಹಗ್ಗವನ್ನು ಹಿಡಿಕೆಗೆ ಸುತ್ತಿ, ನಾನು ಮಾಡಿದ ಹೋಳಿಗೆ ಉಂಡು, ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಟರು. ಅವರು ಹೋದ ಮೇಲೆ ಜಾಕನ್ನು ಕಾರಿನ ಕೆಳಗೆ ತಳ್ಳಿದೆ. ಅಂಗಡಿಯವರ ಲೆಕ್ಕ ಸರಿಯಾಗಿತ್ತು, ಸರಿಯಾಗಿ ಎರಡು ಬೆರಳು. ಮರುದಿನ ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬದಲಿಸಿ ತರಲು ಹೊರಟೆ. ಅರ್ಧ ದಾರಿಯಲ್ಲಿ ಮಾವನ ಫೋನ್ ಬಂತು. ಎತ್ತು ಹೆಂಗೈತಿ ಎಂದು ಕೇಳಿದರು. ಹಿನ್ನೆಲೆಯಲ್ಲಿ ನಾಲ್ಕಾರು ಮಂದಿಯ ಸದ್ದಿತ್ತು, ನನ್ನ ಉತ್ತರ ಕೇಳಲೆಂದೇ ಕೂಡಿಸಿಕೊಂಡಿದ್ದರೆಂದು ಕಾಣುತ್ತದೆ. ಬಂಗಾರದಂಥ ಎತ್ತು ಮಾವ ಎಂದು ಹೇಳಿ ಕಾರು ತಿರುಗಿಸಿದೆ.

ಉಪಾಯ ಹುಡುಕಿದವರು ನಮ್ಮ ಮನೆಯವರು. ಹಳೆಯ ಬಾಗಿಲಿನ ಎರಡು ದಪ್ಪ ಹಲಗೆ ತಂದರು. ಮೊದಲು ಕಾರಿನ ಮುಂದಿನ ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಬೇಕು. ಆಗ ಕಾರು ಎರಡು ಬೆರಳು ಮೇಲೇರುತ್ತದೆ, ಜಾಕು ಒಳಗೆ ಹೋಗುತ್ತದೆ. ಎತ್ತುವುದಕ್ಕೆ ಮೊದಲು ಎತ್ತಬೇಕು. ಇದೆಂಥ ಎತ್ತು, ಇದಕ್ಕೆ ಉಣ್ಣಿಸಲಿಕ್ಕೂ ಮಣೆ ಹಾಕಬೇಕು ಎಂದು ಇವರು ಪ್ರತಿ ಸಲವೂ ನಗುತ್ತಾರೆ, ಪ್ರತಿ ಸಲವೂ ಹಲಗೆ ತಂದು ಹಾಕುತ್ತಾರೆ.

ಅತ್ತ ಸಿರುಗುಪ್ಪದಲ್ಲಿ ಬಳ್ಳಾರಿಯ ಅಕ್ಕನ ಮಗಳಿಗೆ ಮೇವು ತಿನ್ನದ ಎತ್ತು ಆರಿಸಿಕೊಟ್ಟ ಕತೆ ಓಣಿಯೆಲ್ಲ ಹರಡಿತು. ಒಬ್ಬರು ನೀರಿನ ಮೋಟರು ತರುವಾಗ ಮಾವನನ್ನು ಕರೆದುಕೊಂಡು ಹೋದರು. ಇನ್ನೊಬ್ಬರು ಹಿಟ್ಟಿನ ಗಿರಣಿಗೆ, ಮತ್ತೊಬ್ಬರು ಬೇಸಿಗೆಯಲ್ಲಿ ಕೂಲರಿಗೆ. ಮಾವ ಎಲ್ಲದರ ಬೆನ್ನು ಸವರಿ "ಹ್ಞೂಂ" ಎನ್ನುತ್ತಾರೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಈಗ ಅವರು ಸಿಗುವುದೇ ಕಷ್ಟ ಎಂದು ಶಶಿಕಲಾ ಹೇಳುತ್ತಾಳೆ. ಇದೆಲ್ಲ ನಿಂತಿರುವುದು ನಮ್ಮ ಮೆಟ್ಟಿಲ ಕೆಳಗಿನ ಗೂಡಿನ ಮೇಲೆ. ಅದಕ್ಕೇ ಆ ಬಾಗಿಲು ಮುಚ್ಚಿದ್ದು.

ಆದರೆ ಎಷ್ಟು ಹೊತ್ತು ಮುಚ್ಚಿಕೊಂಡು ನಿಲ್ಲಲಾಗುತ್ತದೆ? ಕಟ್ಟೆಯ ಮೇಲಿನಿಂದ ಮಾವ ಇನ್ನೊಮ್ಮೆ ಕೂಗಿದರು. ಜಾಕನ್ನು ಎಳೆದು ತಂದೆ. ಅದನ್ನು ಕಂಡು ಅವರ ಮುಖ ಅರಳಿತು, ಬಂದು ಬೆನ್ನು ಸವರಿದರು. ಹಲಗೆ ಇಲ್ಲದೆ ಹೇಗಾದರೂ ಆದೀತು ಎಂದು ನಾನು ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ ತಳ್ಳಿದೆ. ಗಾಲಿಯ ಹವಾ ಹೋಗಿದ್ದರಿಂದ ಕಾರು ಇನ್ನೂ ತಗ್ಗಿತ್ತು. ಜಾಕಿನ ತಲೆ ಟಣ್ ಎಂದು ಬಡಿಯಿತು. ಮಾವ ಮೊಣಕಾಲು ಹಿಡಿದುಕೊಂಡು ಬಗ್ಗಿದರು. ಜಾಕಿಗೂ ಕಾರಿಗೂ ನಡುವೆ ಬೆರಳು ಇಟ್ಟು ನೋಡಿದರು.

ಇವರು ಹೋಗಿ ಹಲಗೆಗಳನ್ನು ತಂದು ಗಾಲಿಯ ಮುಂದೆ ಇಟ್ಟರು. ಅದೆಷ್ಟು ಸಲ ಹಾಕಿ ತೆಗೆದಿದ್ದೆವೋ, ಗಾಲಿ ಕೂಡುವ ಕಡೆ ಹಲಗೆ ಸವೆದು ತಗ್ಗು ಬಿದ್ದಿತ್ತು. ಮಾವ ಆ ತಗ್ಗಿನ ಮೇಲೆ ಕೈ ಆಡಿಸಿದರು. ಈ ಹಲಗೆಗಳು ಯಾವ ಕಾಲದವು ಎಂದು ಕೇಳಿದರು. ನಮ್ಮ ಮನೆಯವರಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಎತ್ತಿನ ವಾರಗೀವ ಅದಾವ್ರಿ ಮಾವನೋರ," ಅಂದರು, ಜಾಕಿನಷ್ಟೇ ವಯಸ್ಸಿನವು ಎಂದು.

ಮಾವ ಕಟ್ಟೆಗೆ ವಾಪಸು ಹೋಗಿ ಕೂತರು. ಕಾರು, ಜಾಕು, ಹಲಗೆ, ಮೂರನ್ನೂ ಒಂದೊಂದಾಗಿ ನೋಡಿದರು. ಚಹಾ ಆರಿಹೋಗಿತ್ತು, ಅದನ್ನೇ ಕುಡಿದರು.

"ಬಾದನಹಟ್ಟಿಯಿಂದ ಸಿರಗುಪ್ಪತನಕ ನಾ ಆರಿಸಿಕೊಟ್ಟ ಎತ್ತು ಒಂದೂ ಕೆಟ್ಟಿದ್ದು ಬರಲಿಲ್ಲ ಅಂತ ತಿಳ್ಕೊಂಡಿದ್ನೆವ್ವ ಇಷ್ಟು ದಿನ," ಅಂದರು. "ಈಗ ಅನುಮಾನ ಬಂತು ನೋಡು. ಎಷ್ಟು ಮಂದಿ ಹಿಂಗ ಒಳಗೊಳಗ ಹಲಿಗಿ ಹಾಕ್ಕೊಂಡಿದ್ರೋ ಏನೋ."

ಹಾಗಲ್ಲ ಮಾವ ಎಂದು ನಾನು ಏನೋ ಹೇಳಹೋದೆ. ಅವರು ಕೈ ಎತ್ತಿ ತಡೆದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಹೆದರಿ ಹತ್ತಿರ ಹೋದರೆ, ನಗುತ್ತಿದ್ದಾರೆ. ಊರಲ್ಲಿ ಕಲ್ಲಪ್ಪ ಎಂಬುವನಿದ್ದನಂತೆ. ಮಾವ ಆರಿಸಿಕೊಟ್ಟ ಎತ್ತನ್ನು ಕೊಂಡವನು ಎದುರಾದಾಗಲೆಲ್ಲ, ಎತ್ತು ಅಂದರೆ ಬಂಗಾರ ಬಸಣ್ಣ, ಬಂಗಾರ ಎನ್ನುತ್ತಿದ್ದನಂತೆ. ಹೊಲಕ್ಕೆ ಮಾತ್ರ ಅಣ್ಣನ ಎತ್ತು ಹೂಡುತ್ತಿದ್ದನಂತೆ. ಯಾಕೋ ಕಲ್ಲಪ್ಪ ಎಂದರೆ, ಬಂಗಾರದಂಥ ಎತ್ತು, ದುಡಿಸಲು ಮನಸ್ಸು ಬರುವುದಿಲ್ಲ ಎಂದಿದ್ದನಂತೆ. ಅದನ್ನು ಇಷ್ಟು ವರ್ಷ ನಂಬಿದ್ದರು ನಮ್ಮ ಮಾವ. ನಗುತ್ತ ನಗುತ್ತ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. "ಮಂದಿ ನನ್ನ ಭಾಳ ಚಲೋತ್ನಂಗ ಇಟ್ಕೊಂಡಿದ್ರು ಬಿಡು," ಅಂದರು.

ಗಾಲಿ ಬದಲಿಸಿದೆ. ಮಾವ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತು, ಎತ್ತು ದುಡಿಯುವುದನ್ನು ಮೊದಲಿಂದ ಕೊನೆಯತನಕ ನೋಡಿದರು. ಎತ್ತರ ತಪ್ಪಿದೆ, ಆದರೆ ರಟ್ಟೆ ಗಟ್ಟಿ ಎಂದು ತೀರ್ಪು ಕೊಟ್ಟರು. ನಾನು ನಟ್ಟು ಬಿಗಿದು, ಕಾರು ಇಳಿಸಿ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಮ್ಮ ಮನೆಯವರು ಕಾರಿನ ಕೀಲಿ ಹಿಡಿದು ನಿಂತಿದ್ದರು. "ಗಾಲಿಗೆ ಒಂದೀಟು ಹವಾ ನೋಡಿಸ್ಕೊಂಡ ಬರ್ತೀನಿ," ಅಂದರು. "ಅಷ್ಟರಾಗ ನೀವಿಬ್ರೂ ತಯಾರಾಗ್ರಿ."

ನಾನು ರಿಪೇರಿ ಮಾಡಿದ ದಿನವೆಲ್ಲ ಇವರು ಹವಾ ನೋಡಿಸಲು ಹೋಗುತ್ತಾರೆ. ಹವಾ ತುಂಬುವ ಅಂಗಡಿ ನಮ್ಮ ಓಣಿಯ ತುದಿಯಲ್ಲೇ ಇದೆ. ಇವರು ಬರುವುದು ಮಾತ್ರ ತಾಸು ಬಿಟ್ಟು, ಅಂಗಿಗೆ ಗ್ಯಾರೇಜಿನ ಗ್ರೀಸು ಹತ್ತಿಸಿಕೊಂಡು. ಇನ್ನೊಂದು ಮಾತು. ನಾನು ಬಿಗಿದ ನಟ್ಟು ಮುಂದಿನ ಸಲ ನನಗೇ ಬಿಚ್ಚಲು ಬರುವುದಿಲ್ಲ, ನಟ್ಟು ತಿರುಗಿಸುವ ಪಾನದ ಮೇಲೆ ಎರಡೂ ಕಾಲಿಟ್ಟು ನಿಲ್ಲಬೇಕಾಗುತ್ತದೆ. ನನ್ನ ಕೈಯ ಬಿಗಿ ಎಂದರೆ ಅಂಥದ್ದು ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಗಣಿತ ಹೇಳುವವಳು, ಇವತ್ತಿನ ತನಕ ಇಷ್ಟು ಸಣ್ಣ ಲೆಕ್ಕ ಮಾಡಿರಲಿಲ್ಲ: ನನ್ನ ಕೈಯ ಬಿಗಿಗೆ ಗ್ಯಾರೇಜಿನ ಕೈಯೊಂದು ಕೂಡುತ್ತಿತ್ತು.

ಕುರ್ಚಿಯಿಂದ ಮಾವ ನನ್ನ ಮುಖ ನೋಡುತ್ತಿದ್ದರು, ಮೀಸೆಯೊಳಗೆ ನಗು. ಇವರು ಹೋಂವರ್ಕ್ ಮಾಡದೆ ಬಂದ ವಿದ್ಯಾರ್ಥಿಯ ಹಾಗೆ ನಿಂತಿದ್ದರು. ಕೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಹೋಗಿ ಬರ್ರಿ," ಅಂದೆ. "ನಾಲ್ಕೂ ಗಾಲೀದೂ ಸಾವಕಾಶ ನೋಡಸ್ರಿ. ಕುಬಸಕ್ಕ ಇನ್ನೂ ಹೊತ್ತೈತಿ."